ಪ್ರದಕ್ಷಿಣೆ ಬರುವ ಜೋಕಾಲಿ: ಚಿಕ್ಕಪ್ಪನ ಕಣ್ಣಿನ ಪ್ರಕರಣ

ದೀಪಾವಳಿ ರಜೆಗೆ ಮೂಡಿಗೆರೆ ಹತ್ತಿರದ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಬ್ಯಾಗು ಇಳಿಸಿ ಅರ್ಧ ಗಂಟೆ ಆಗಿರಲಿಲ್ಲ, ಚಿಕ್ಕಮ್ಮ ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. "ನಿಮ್ಮ ಚಿಕ್ಕಪ್ಪನಿಗೆ ಸ್ವಲ್ಪ ಬುದ್ಧಿ ಹೇಳು ಮಾರಾಯ. ಜೀಪು ರಸ್ತೆಯ ಬಲಕ್ಕೇ ಎಳೀತಾರೆ. ಕೇಳಿದ್ರೆ ಎಡಗಡೆ ಮರ ಮೈಮೇಲೆ ಬರ್ತದೆ ಅಂತಾರೆ."

ಹೋದ ವಾರವಷ್ಟೇ ಬೇಲೂರು ರಸ್ತೆಯಲ್ಲಿ ಎದುರಿನಿಂದ ಬಂದ ಪಿಕಪ್ ಒಂದಕ್ಕೆ ಜೀಪಿನ ಬಲಗಡೆ ಕನ್ನಡಿ ತಾಗಿ ಪುಡಿಯಾಗಿತ್ತಂತೆ. ಪಿಕಪ್ಪಿನವನು ಇಳಿದು ಬಂದು, ಮುಖ ನೋಡಿ, "ಕುಡಿದಿದ್ದೀರಾ ಯಜಮಾನ್ರೇ" ಅಂದನಂತೆ. ಚಿಕ್ಕಪ್ಪ ಕಾಫಿ ಬಿಟ್ಟು ಬೇರೇನೂ ಕುಡಿದವರಲ್ಲ. ಆ ಮಾತು ಅವರಿಗೆ ಕನ್ನಡಿ ಒಡೆದದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತ್ತು. ನಲವತ್ತು ವರ್ಷ ಘಾಟಿಯಲ್ಲಿ ಜೀಪು ಓಡಿಸಿದ ಮನುಷ್ಯ. ಮಳೆ, ಮಂಜು, ಕೊಟ್ಟಿಗೆಹಾರದಿಂದ ಕೆಳಗಿನ ಚಾರ್ಮಾಡಿ ತಿರುವುಗಳು, ಯಾವುದಕ್ಕೂ ಹೆದರಿದವರಲ್ಲ.

ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವನು, ಕಣ್ಣಿನ ಡಾಕ್ಟರ್ ಅಲ್ಲ. ಆದರೂ ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಚಿಕ್ಕಪ್ಪ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಅಂದರು.

ಮೊದಲು ಹಿನ್ನೆಲೆ. ವಯಸ್ಸು 66. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶ್ರಾವಣದಲ್ಲಿ ಬಲಗಣ್ಣಿನ ಆಪರೇಷನ್ ಆಯಿತು, ಲೆನ್ಸ್ ಹಾಕಿದರು. ಪಟ್ಟಿ ಬಿಚ್ಚಿದ ದಿನ ತಮ್ಮ ಪಂಚೆ ನೋಡಿಕೊಂಡು "ಇದು ಇಷ್ಟು ಬೆಳ್ಳಗಿತ್ತಾ" ಅಂದಿದ್ದರು. ಪೊರೆ ಬರೀ ಮಸುಕು ಮಾಡುವುದಿಲ್ಲ. ಬೆಳಕನ್ನೂ ತಡೆಯುತ್ತದೆ, ಹಳದಿಯನ್ನೂ ಬಳಿಯುತ್ತದೆ. ಎಡಗಣ್ಣನ್ನು ತಿಂಗಳೊಪ್ಪತ್ತಿನಲ್ಲಿ ಮಾಡಿಬಿಡೋಣ ಅಂತ ಡಾಕ್ಟರ್ ಹೇಳಿದ್ದರು. ಇವರು ಕೇಳಲಿಲ್ಲ. ನವೆಂಬರಿನಿಂದ ಅರೇಬಿಕಾ ಕುಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಕಣದಲ್ಲಿ ಕಾಫಿ ಹರವಿಕೊಂಡು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂರಲು ಆಗುತ್ತದಾ? "ಕುಯ್ಲು ಮುಗೀಲಿ" ಅಂದರು. ತೋಟದವರ ಮನೆಯಲ್ಲಿ ಮದುವೆ, ಮುಂಜಿ, ಆಪರೇಷನ್ ಎಲ್ಲಕ್ಕೂ ಇದೇ ಉತ್ತರ.

ಹೊಸ ಕನ್ನಡಕ ಬಂದ ಮೇಲೆ, ಅಕ್ಟೋಬರಿನಲ್ಲಿ, ಮತ್ತೆ ಜೀಪು ಹತ್ತಿದರು. ತೊಂದರೆ ಶುರುವಾದದ್ದು ಆಗ. ತೋರಿಸಿಕೊಂಡು ಬಂದರು. ಅಕ್ಷರದ ಬೋರ್ಡ್ ಓದಿಸಿದರು. ಬಲಗಣ್ಣು 6/6, ಅಂದರೆ ಪೂರ್ತಿ ಸರಿ. ಎಡಗಣ್ಣು 6/12, ಅಂದರೆ ಅದಕ್ಕಿಂತ ಕಡಿಮೆ. ಕಣ್ಣಿನ ಒತ್ತಡ ಸರಿ, ಅಕ್ಷಿಪಟಲ ಸರಿ, ಲೆನ್ಸ್ ಕೂತ ಜಾಗ ಸರಿ. "ಎಲ್ಲಾ ಚೆನ್ನಾಗಿದೆ, ಅಭ್ಯಾಸ ಆಗ್ತದೆ" ಅಂತ ಕಳಿಸಿದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರು ನೋಡಿದ್ದು ನಿಜವಾಗಿ ಚೆನ್ನಾಗಿಯೇ ಇತ್ತು. ಆದರೆ ಗೋಡೆಯ ಮೇಲಿನ ಬೋರ್ಡ್ ಅಲ್ಲಾಡುವುದಿಲ್ಲ. ಚಿಕ್ಕಪ್ಪನ ದೂರೇನೋ ಅಲ್ಲಾಡುವ ವಸ್ತುಗಳ ಬಗ್ಗೆ ಇತ್ತು.

ಅದು ನನಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ವಯಸ್ಸಾಯಿತು, ಅಂಜಿಕೆ ಶುರುವಾಗಿದೆ ಅಂತಲೇ ಅಂದುಕೊಂಡೆ. ನನ್ನ ತಲೆ ತಿರುಗಿಸಿದ್ದು ಮಾರನೇ ದಿನದ ಒಂದು ಕೂಗು.

ಅಂಗಳದ ಹಲಸಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮೊಮ್ಮಗಳು ಆಡುತ್ತಿದ್ದಳು. ಚಿಕ್ಕಪ್ಪ ಜಗಲಿಯಲ್ಲಿ ಕೂತು ಪಕ್ಕದಿಂದ ನೋಡುತ್ತಿದ್ದರು. ಅಂದರೆ ಮಗು ಅವರ ಕಣ್ಣಿಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಿತ್ತು. ಹತ್ತಿರ ಬರುವುದು, ದೂರ ಹೋಗುವುದು ಇಲ್ಲವೇ ಇಲ್ಲ. ಇದ್ದಕ್ಕಿದ್ದಂತೆ "ಏ ಏ, ಕಂಬ, ಕಂಬ!" ಅಂತ ಕೂಗಿ ಎದ್ದೇಬಿಟ್ಟರು. ಜಗಲಿಯ ಕಂಬಕ್ಕೂ ಜೋಕಾಲಿಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ ಇತ್ತು. ಮಗು ಹೆದರಿ ಅಳತೊಡಗಿತು. ಚಿಕ್ಕಪ್ಪ ಸುಮ್ಮನೆ ಕೂತು, ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು: "ಅವಳು ನೆಟ್ಟಗೆ ತೂಗ್ತಿಲ್ಲ ಕಣೋ. ಗಾಣದೆತ್ತಿನ ಹಾಗೆ ಸುತ್ತು ಬರ್ತಿದ್ದಾಳೆ."

ಗಾಣದೆತ್ತು! ಆ ಒಂದು ಮಾತಿಗೆ ನನ್ನ ಮೈ ಜುಮ್ಮೆಂದಿತು. ಇದನ್ನು ನಾನು ಎಲ್ಲೋ ಓದಿದ್ದೆ. ಕೇಳಲು ಇದ್ದದ್ದು ಒಂದೇ ಪ್ರಶ್ನೆ.

"ಯಾವ ಕಡೆಯಿಂದ ಸುತ್ತು? ಪ್ರದಕ್ಷಿಣೆಯಾ, ಅಪ್ರದಕ್ಷಿಣೆಯಾ?"

ಚಿಕ್ಕಪ್ಪ ಇನ್ನೊಂದು ಸಲ ಮಗುವನ್ನು ಜೋಕಾಲಿಗೆ ಹತ್ತಿಸಿ, ತೂಗಿಸಿ ನೋಡಿದರು. ಬಲಕ್ಕೆ ಹೋಗುವಾಗ ಮರದ ಆಚೆ ಬದಿ, ಎಡಕ್ಕೆ ಬರುವಾಗ ಈಚೆ ಬದಿ, ಕಂಬದ ಹತ್ತಿರ. "ಪ್ರದಕ್ಷಿಣೆ" ಅಂದರು.

ಹಾಗಾದರೆ ತಡವಾಗುತ್ತಿರುವುದು ಎಡಗಣ್ಣು.

ಇದಕ್ಕೆ ಪುಲ್‌ಫ್ರಿಚ್ ಪರಿಣಾಮ ಅನ್ನುತ್ತಾರೆ. ಕಾರ್ಲ್ ಪುಲ್‌ಫ್ರಿಚ್ ಜರ್ಮನಿಯ ಯೇನಾ ಊರಿನ ಝೈಸ್ ಕಂಪನಿಯಲ್ಲಿದ್ದ ಭೌತವಿಜ್ಞಾನಿ. ಎರಡು ಕಣ್ಣಿಂದ ನೋಡಿ ದೂರ ಅಳೆಯುವ ಉಪಕರಣಗಳನ್ನು ಮಾಡುವುದೇ ಅವನ ಕಸುಬು. 1922ರಲ್ಲಿ ಇದರ ಬಗ್ಗೆ ಬರೆದ. ತಮಾಷೆ ಅಂದರೆ, ಅಷ್ಟು ಹೊತ್ತಿಗೆ ಅವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತನ್ನ ಹೆಸರು ಹೊತ್ತ ಪರಿಣಾಮವನ್ನು ಅವನು ಸ್ವಂತವಾಗಿ ನೋಡುವಂತೆಯೇ ಇರಲಿಲ್ಲ. ಕಾರಣ ಹೊಳೆದದ್ದು ಫೆರ್ಟ್ಷ್ ಎಂಬ ಸಹೋದ್ಯೋಗಿಗೆ. ಪುಲ್‌ಫ್ರಿಚ್ ಅದನ್ನು ಮುಚ್ಚಿಡದೆ ಹೇಳಿಕೊಂಡ.

ಕಾರಣ ಇಷ್ಟೇ. ಮಂದ ಬೆಳಕು ಬಿದ್ದ ಕಣ್ಣಿನ ಸುದ್ದಿ ಮಿದುಳಿಗೆ ತಡವಾಗಿ ತಲುಪುತ್ತದೆ. ಒಂದು ಕಣ್ಣಿಂದ ಇವತ್ತಿನ ಪೇಪರ್, ಇನ್ನೊಂದರಿಂದ ನಿನ್ನೆಯ ಪೇಪರ್ ಬಂದ ಹಾಗೆ. ನಿಂತ ವಸ್ತುವಾದರೆ ತೊಂದರೆಯಿಲ್ಲ, ನಿನ್ನೆಯ ಪೇಪರಿನಲ್ಲೂ ಅದೇ ಸುದ್ದಿ. ಬೋರ್ಡಿನ ಅಕ್ಷರಗಳು ನಿನ್ನೆಯೂ ಅಲ್ಲೇ ಇದ್ದವು. ಚಲಿಸುವ ವಸ್ತುವಾದರೆ ಹಾಗಲ್ಲ. ಮಗು ಬಲಕ್ಕೆ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಬಲಗಣ್ಣು ಅದನ್ನು ಈಗಿನ ಜಾಗದಲ್ಲಿ ತೋರಿಸುತ್ತದೆ. ತಡವಾದ ಎಡಗಣ್ಣು ಸ್ವಲ್ಪ ಹಿಂದಿನ ಜಾಗದಲ್ಲಿ, ಅಂದರೆ ಇನ್ನಷ್ಟು ಎಡಕ್ಕೆ ತೋರಿಸುತ್ತದೆ.

ಈಗ ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಹಾರುತ್ತದೆ, ಅಲ್ವಾ? ಎರಡು ಕಣ್ಣಿನ ಚಿತ್ರಗಳ ನಡುವಿನ ಈ ಅಂತರವನ್ನೇ ಮಿದುಳು ದೂರ ಅಂತ ಓದಿಕೊಳ್ಳುತ್ತದೆ. ಎಡಗಣ್ಣಿಗೆ ಎಡಕ್ಕೆ, ಬಲಗಣ್ಣಿಗೆ ಬಲಕ್ಕೆ ಕಂಡರೆ ವಸ್ತು ದೂರದಲ್ಲಿದೆ ಎಂದು ಅರ್ಥ. ಅದಲುಬದಲಾಗಿ, ಎಡಗಣ್ಣಿಗೆ ಬಲಕ್ಕೂ ಬಲಗಣ್ಣಿಗೆ ಎಡಕ್ಕೂ ಕಂಡರೆ ಹತ್ತಿರದಲ್ಲಿದೆ ಎಂದು. ಮಿದುಳಿಗೆ ಒಂದು ಚಿತ್ರ ಹಳೆಯದು ಅಂತ ಗೊತ್ತಿಲ್ಲ. ಕಾಲದ ವ್ಯತ್ಯಾಸವನ್ನು ಅದು ದೂರದ ವ್ಯತ್ಯಾಸ ಅಂತ ತಿಳಿದುಕೊಳ್ಳುತ್ತದೆ. ಬಲಕ್ಕೆ ಹೋಗುವಾಗ ದೂರ, ಎಡಕ್ಕೆ ಬರುವಾಗ ಹತ್ತಿರ. ಎರಡೂ ಸೇರಿದರೆ ಸುತ್ತು, ಅದೂ ಪ್ರದಕ್ಷಿಣೆ. ತಡವಾದದ್ದು ಬಲಗಣ್ಣಾದರೆ ಅಪ್ರದಕ್ಷಿಣೆ.

ತಡ ಎಷ್ಟು? ಬೆಳಕನ್ನು ಹತ್ತನೇ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜನ್ನು ಒಂದು ಕಣ್ಣಿಗೆ ಇಟ್ಟರೆ ಹೆಚ್ಚೂಕಮ್ಮಿ 10 ಮಿಲಿಸೆಕೆಂಡ್ ತಡವಾಗುತ್ತದೆ. ಸೆಕೆಂಡಿನ ನೂರನೇ ಒಂದು ಭಾಗ. ಸುತ್ತ ಬೆಳಕು ಕಡಿಮೆಯಿದ್ದರೆ ಇನ್ನೂ ಜಾಸ್ತಿ. ಇಷ್ಟಕ್ಕೆಲ್ಲ ಕಂಬಕ್ಕೆ ಡಿಕ್ಕಿ ಹೊಡೆಯುವ ಹಾಗೆ ಕಾಣುತ್ತದಾ ಅಂತ ನನಗೂ ಅನುಮಾನ ಬಂತು. ಕಣದ ಲೆಕ್ಕದ ಪುಸ್ತಕದ ಹಿಂದೆ ಗೀಚಿದೆ. ಎರಡು ಕಣ್ಣುಗಳ ನಡುವಿನ ದೂರ 6 ಸೆಂ.ಮೀ. ಇರಲಿ. ಜೋಕಾಲಿ 4 ಮೀಟರ್ ದೂರ. ನಡುಮಧ್ಯೆ ಅದರ ವೇಗ ಸೆಕೆಂಡಿಗೆ 2 ಮೀಟರ್. 10 ಮಿಲಿಸೆಕೆಂಡಿನಲ್ಲಿ ಮಗು 2 ಸೆಂ.ಮೀ. ಸರಿಯುತ್ತದೆ. ಆ 2 ಸೆಂ.ಮೀ. ಅಂತರವನ್ನು ರೇಖಾಗಣಿತಕ್ಕೆ ಹಾಕಿದರೆ, ಬಲಕ್ಕೆ ಹೋಗುವ ಮಗು 6 ಮೀಟರ್ ದೂರದಲ್ಲಿ, ಎಡಕ್ಕೆ ಬರುವ ಮಗು 3 ಮೀಟರ್ ದೂರದಲ್ಲಿ ಕಾಣಬೇಕು! ಪೆನ್ನು ಕೆಳಗಿಟ್ಟೆ. ನಿಜ ಜೀವನದಲ್ಲಿ ಅಷ್ಟೊಂದು ಕಾಣುವುದಿಲ್ಲ. ಹಗ್ಗ, ನೆರಳು, ಮಗುವಿನ ಗಾತ್ರ ಎಲ್ಲ ಸೇರಿ ಮಿದುಳನ್ನು ಸ್ವಲ್ಪ ತಿದ್ದುತ್ತವೆ. ಆದರೆ ಅದರ ಅರ್ಧ ಕಂಡರೂ ಯಾವ ಅಜ್ಜನಾದರೂ ಕೂಗುತ್ತಾನೆ.

ಜೀಪಿನ ಕಥೆಯೂ ಇದರಲ್ಲೇ ಬಿಡಿಸಿಕೊಂಡಿತು. ಮುಂದೆ ನೋಡುತ್ತಾ ಓಡಿಸುವಾಗ ಎಡಬದಿಯ ಸಿಲ್ವರ್ ಓಕ್ ಮರಗಳು ಕಣ್ಣಿನಲ್ಲಿ ಎಡಕ್ಕೆ ಸರಿಯುತ್ತವೆ, ಬಲಬದಿಯ ವಾಹನಗಳು ಬಲಕ್ಕೆ ಸರಿಯುತ್ತವೆ. ಎಡಗಣ್ಣು ತಡವಾದವರಿಗೆ ಎಡಕ್ಕೆ ಸರಿಯುವುದು ಹತ್ತಿರ, ಬಲಕ್ಕೆ ಸರಿಯುವುದು ದೂರ. ಹಾಗಾಗಿ ಮರ ಮೈಮೇಲೆ ಬಂದಂತೆ ಕಾಣುತ್ತದೆ, ಎದುರಿನ ಪಿಕಪ್ ಇನ್ನೂ ಆಚೆ ಇದ್ದಂತೆ ಕಾಣುತ್ತದೆ. ಎರಡು ತಪ್ಪೂ ಸೇರಿ ಸ್ಟಿಯರಿಂಗನ್ನು ಒಂದೇ ಕಡೆ ತಿರುಗಿಸುತ್ತವೆ, ಬಲಕ್ಕೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ, 10 ಮೀಟರ್ ಮುಂದೆ, 3 ಮೀಟರ್ ಎಡಕ್ಕಿರುವ ಮರಕ್ಕೆ ಅದೇ ಲೆಕ್ಕ ಹಾಕಿದೆ. ಕಾಗದದ ಮೇಲೆ ಅದು 7 ಮೀಟರಿಗಿಂತ ಹತ್ತಿರ ಬಂತು. ಬಲಗಣ್ಣು ತಡವಾಗಿದ್ದರೆ ಜೀಪು ಎಡಗಡೆ ಚರಂಡಿಯ ಕಡೆಗೆ ಎಳೆಯುತ್ತಿತ್ತು. ಅದೂ ಕೆಟ್ಟದ್ದೇ, ಆದರೆ ಪಿಕಪ್ಪಿಗೆ ತಾಗುವುದಕ್ಕಿಂತ ವಾಸಿ.

ಮೊದಲು ಎರಡೂ ಕಣ್ಣಿಗೆ ಪೊರೆ ಇದ್ದಾಗ ಇದು ಏಕಿರಲಿಲ್ಲ? ಆಗ ಎರಡೂ ಕಣ್ಣು ಒಂದೇ ಸಮ ತಡವಾಗುತ್ತಿದ್ದವು. ಎರಡೂ ನಿನ್ನೆಯ ಪೇಪರ್. ಆಪರೇಷನ್ ಒಂದು ಕಣ್ಣನ್ನು ಮಾತ್ರ ಇವತ್ತಿಗೆ ತಂದಿತು. ಇನ್ನೊಂದು ಮಾತು: ಎಡಗಣ್ಣಿನ ಪೊರೆ ತೀರಾ ದಪ್ಪವಾಗಿದ್ದರೆ ಈ ತೊಂದರೆ ಬರುತ್ತಲೇ ಇರಲಿಲ್ಲ. ಆಗ ಮಿದುಳು ಆ ಕಣ್ಣನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಡಗಣ್ಣು ಸುಮಾರಾಗಿ ಕಾಣುತ್ತಿದ್ದದ್ದೇ ಎಡವಟ್ಟಾಗಿತ್ತು.

ಇಲ್ಲಿ ನನ್ನನ್ನು ಒಂದು ದಿನ ಕಾಡಿದ ಎದುರುವಾದವನ್ನೂ ಹೇಳಬೇಕು. ಪೊರೆ ಕಣ್ಣನ್ನು ಮಂದ ಮಾಡುವುದರ ಜೊತೆಗೆ ಮಸುಕನ್ನೂ ಮಾಡುತ್ತದೆ. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಯೋಹಾನಸ್ ಬರ್ಜ್ ಮತ್ತು ಜೊತೆಯವರು ಒಂದು ವಿಚಿತ್ರ ತೋರಿಸಿದರು. ಒಂದು ಕಣ್ಣಿನ ಚಿತ್ರ ಮಸುಕಾದರೆ ಅದು ತಡವಾಗುವುದಿಲ್ಲ, ಕೆಲವು ಮಿಲಿಸೆಕೆಂಡ್ ಬೇಗ ಬರುತ್ತದೆ! ಚಿತ್ರದ ಸಣ್ಣ ಸಣ್ಣ ವಿವರಗಳನ್ನು ಅರಗಿಸಿಕೊಳ್ಳಲು ಮಿದುಳಿಗೆ ಹೊತ್ತು ಹಿಡಿಯುತ್ತದೆ. ಮಸುಕು ಆ ವಿವರಗಳನ್ನೇ ಅಳಿಸಿಬಿಡುತ್ತದೆ. ಒಂದು ಕಣ್ಣಿಗೆ ಓದಲು, ಇನ್ನೊಂದಕ್ಕೆ ದೂರ ನೋಡಲು ಲೆನ್ಸ್ ಹಾಕಿಸಿಕೊಂಡವರಿಗೆ ಇದು ಮುಖ್ಯ ಸಂಗತಿ. ಹಾಗಾದರೆ ಚಿಕ್ಕಪ್ಪನ ಎಡಗಣ್ಣು ತಡವಾ, ಬೇಗವಾ? ಮಸುಕು ಗೆದ್ದಿದ್ದರೆ ಜೋಕಾಲಿ ಅಪ್ರದಕ್ಷಿಣೆ ಬರಬೇಕಿತ್ತು. ಬಂದದ್ದು ಪ್ರದಕ್ಷಿಣೆ. ಅವರ ಮಟ್ಟಿಗೆ ಮಂದ ಬೆಳಕೇ ಗೆದ್ದಿತ್ತು. ಮೊದಲೇ ಆ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು.

ಪರೀಕ್ಷೆಗೆ ಬೇಕಾದ ಸಾಮಾನು ಮನೆಯಲ್ಲೇ ಇತ್ತು. ಒಂದು ಸುಲಿದ ಅಡಿಕೆಯನ್ನು ದಾರಕ್ಕೆ ಕಟ್ಟಿ ಜಗಲಿಯ ತೊಲೆಗೆ ತೂಗುಹಾಕಿದೆ. ಹಿಂದೆ ಬಿಳಿ ಗೋಡೆ. ಎರಡು ಮೀಟರ್ ದೂರದಲ್ಲಿ ಚಿಕ್ಕಪ್ಪ. ಅಡಿಕೆಯನ್ನು ಎಡ–ಬಲಕ್ಕೆ ತೂಗಿಬಿಟ್ಟೆ. ಬರಿಗಣ್ಣಿಗೆ ಪ್ರದಕ್ಷಿಣೆ. ಒಂದು ಕಣ್ಣು ಮುಚ್ಚಿಸಿದೆ, ಯಾವುದೇ ಆಗಲಿ, ಸುತ್ತು ಮಾಯ, ಅಡಿಕೆ ನೆಟ್ಟಗೆ ತೂಗಿತು. ಇದು ಮುಖ್ಯ: ಒಂದೇ ಕಣ್ಣಿಗೆ ಹೋಲಿಸಲು ಜೊತೆ ಇಲ್ಲ. ಆಮೇಲೆ ನನ್ನ ಕೂಲಿಂಗ್ ಗ್ಲಾಸಿನ ಒಂದು ಗಾಜನ್ನು ಅವರ ಬಲಗಣ್ಣಿನ, ಅಂದರೆ ಆಪರೇಷನ್ ಆದ ಒಳ್ಳೆಯ ಕಣ್ಣಿನ ಮುಂದೆ ಹಿಡಿದೆ. ಎರಡೂ ಕಣ್ಣು ತೆರೆದೇ ಇತ್ತು.

"ನಿಂತಿತು" ಅಂದರು. ಮತ್ತೆ ತಿದ್ದಿಕೊಂಡು, "ನಿಂತಿಲ್ಲ, ನೆಟ್ಟಗಾಯ್ತು."

ಎರಡು ಗಾಜು ಒಂದರ ಮೇಲೊಂದು ಇಟ್ಟೆ. ಈಗ ಬಲಗಣ್ಣೇ ಜಾಸ್ತಿ ತಡ. ಅಡಿಕೆ ಅಪ್ರದಕ್ಷಿಣೆ ಸುತ್ತತೊಡಗಿತು. ಆಮೇಲೆ ಚಿಕ್ಕಮ್ಮ ಬಂದರು, ಆಳುಮಕ್ಕಳು ಬಂದರು, ಎಲ್ಲರಿಗೂ ಒಂದೊಂದು ಕಣ್ಣಿಗೆ ಕಪ್ಪು ಗಾಜು ಹಿಡಿದು ತೋರಿಸಿದ್ದಾಯಿತು. ಒಳ್ಳೆಯ ಎರಡು ಕಣ್ಣಿದ್ದವರಿಗೂ ಕಪ್ಪು ಗಾಜಿಟ್ಟ ಕೂಡಲೇ ಅಡಿಕೆ ಸುತ್ತುತ್ತದೆ. ನೀವೂ ಮಾಡಿ ನೋಡಬಹುದು. ಗಾಜನ್ನು ಎಡಗಣ್ಣಿಂದ ಬಲಗಣ್ಣಿಗೆ ಬದಲಿಸಿದರೆ ದಿಕ್ಕೂ ಬದಲಾಗುತ್ತದೆ. ಚಿಕ್ಕಪ್ಪನಿಗೆ ಇದೆಲ್ಲದಕ್ಕಿಂತ ಸಮಾಧಾನ ಕೊಟ್ಟದ್ದು ಚಿಕ್ಕಮ್ಮ "ಅಯ್ಯೋ, ಹೌದಲ್ರೀ, ಸುತ್ತುತ್ತೆ" ಅಂದದ್ದು.

ಎರಡೂ ಕಣ್ಣು ಸರಿಯಿದ್ದವರು ವಸ್ತುಗಳನ್ನು ಇದ್ದ ಜಾಗದಲ್ಲೇ ನೋಡುತ್ತಾರೆ ಅಂತ ಮಾತ್ರ ತಿಳಿಯಬೇಡಿ. ಕಣ್ಣಿಗೆ ಬಿದ್ದ ಬೆಳಕು ನೋಟವಾಗಿ ಅರಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಕಳೆದಿರಬಹುದು. ಗಂಟೆಗೆ 60 ಕಿ.ಮೀ. ವೇಗದ ಟೆನ್ನಿಸ್ ಬಾಲ್ ಅಷ್ಟರಲ್ಲಿ ಒಂದೂವರೆ ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಆದರೂ ನಮ್ಮ ಹುಡುಗರು ಕ್ಯಾಚ್ ಹಿಡಿಯುತ್ತಾರೆ. 1994ರಲ್ಲಿ ರೋಮಿ ನಿಜಾವನ್ ಎಂಬ ವಿಜ್ಞಾನಿ ಚಲಿಸುವ ಕಡ್ಡಿಯ ಸಾಲಿನಲ್ಲೇ ಒಂದು ದೀಪ ಮಿಂಚಿಸಿ ತೋರಿಸಿದರು. ಎರಡೂ ಒಂದೇ ಸಾಲಿನಲ್ಲಿದ್ದರೂ ಮಿಂಚು ಹಿಂದೆ ಬಿದ್ದಂತೆ ಕಾಣುತ್ತದೆ. ಚಲಿಸುವುದನ್ನು ಮಿದುಳು ಅಂದಾಜಿನ ಮೇಲೆ ಮುಂದಕ್ಕೆ ತಳ್ಳುತ್ತದೆ ಎಂದು ಅವರ ವಾದ. 2000ದಲ್ಲಿ ಈಗಲ್‌ಮನ್ ಮತ್ತು ಸೆಜ್ನೋವ್‌ಸ್ಕಿ ಹಾಗಲ್ಲ ಅಂದರು. ಮಿಂಚಿದ ನಂತರ ಏನಾಯಿತು ಎಂದು ನೋಡಿಕೊಂಡೇ ಮಿದುಳು ಹಿಂದಿನ ಕ್ಷಣದ ಚಿತ್ರ ಬರೆಯುತ್ತದೆ ಎಂದು ಅವರ ವಾದ. ಫುಟ್‌ಬಾಲಿನಲ್ಲಿ ಲೈನ್ಸ್‌ಮನ್ ಕೊಡುವ ತಪ್ಪು ಆಫ್‌ಸೈಡಿಗೂ ಇದೇ ಕಾರಣ ಇರಬಹುದು ಅಂತ 2002ರಲ್ಲಿ ಒಂದು ಪ್ರಬಂಧ ಬಂತು. ಪೂರ್ತಿ ಜಗಳ ಇನ್ನೂ ಮುಗಿದಿಲ್ಲ. ನನಗೆ ಮೊದಲಿನ ವಾದದ ಮೇಲೆ ಒಲವು, ಆದರೆ ಅದು ಭೌತಶಾಸ್ತ್ರದ ಮೇಷ್ಟ್ರ ಒಲವು, ಜಾಸ್ತಿ ಬೆಲೆ ಕೊಡಬೇಡಿ.

ಮುಂದಿನದು ಬೇಗ ಮುಗಿಯಿತು. ಚಿಕ್ಕಪ್ಪನನ್ನು ಹಾಸನಕ್ಕೆ ಕರೆತಂದು ಇನ್ನೊಬ್ಬ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಜೇಬಿನಲ್ಲಿ ದಾರ ಕಟ್ಟಿದ ಅಡಿಕೆ ಇತ್ತು. ತೆಗೆಯಲು ಸಂಕೋಚ ಆಯಿತು. ಅವರು ಅಡಿಕೆ ನೋಡಿ ನಕ್ಕರು, ಆಮೇಲೆ ತಾವೇ ತೂಗಿ ನೋಡಿದರು. ಒಂದೇ ಕಣ್ಣಿನ ಪೊರೆಯಿಂದ ಹೀಗಾಗುವುದು ಗೊತ್ತಿರುವ ಸಂಗತಿಯೇ, ರೋಗಿಗಳು ಅದನ್ನು ಹೇಳಲು ಬರದೆ ಸುಮ್ಮನಾಗುತ್ತಾರೆ ಅಂದರು. ಅವರು ಇನ್ನೊಂದು ಪರೀಕ್ಷೆಯನ್ನೂ ಮಾಡಿದರು, ಎರಡೂ ಕಣ್ಣಿನ ನರ ಸರಿಯಿದೆಯೇ ಎಂದು. ಕಣ್ಣಿನ ನರಕ್ಕೆ ಉರಿಯೂತ ಬಂದರೂ ಆ ಕಣ್ಣಿನ ಸುದ್ದಿ ತಡವಾಗಿ ಇದೇ ರೀತಿ ಕಾಣುತ್ತದೆ. ಪೊರೆ ಇಲ್ಲದವರಿಗೆ, ಅದರಲ್ಲೂ ಕಣ್ಣು ನೋವಿನ ಜೊತೆ ಇದು ದಿಢೀರ್ ಅಂತ ಶುರುವಾದರೆ ಅಡಿಕೆ ತೂಗುತ್ತಾ ಕೂರಬಾರದು, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಚಿಕ್ಕಪ್ಪನ ನರ ಚೆನ್ನಾಗಿತ್ತು.

ನಿಜವಾದ ಮದ್ದು ಎಡಗಣ್ಣಿನ ಆಪರೇಷನ್. ಅಲ್ಲಿಯವರೆಗೆ ಕನ್ನಡಕದ ಬಲಗಾಜಿಗೆ ಬೂದು ಬಣ್ಣ ಹಾಕಿಸಿದರು. ಎಷ್ಟು ಗಾಢ ಎನ್ನುವುದನ್ನು ಅಳೆದದ್ದು ಅಡಿಕೆಯಿಂದಲೇ, ಸುತ್ತು ನಿಲ್ಲುವಷ್ಟು. ಕತ್ತಲಾದ ಮೇಲೆ ಜೀಪು ಮುಟ್ಟಬಾರದು ಅಂತ ಖಡಾಖಂಡಿತವಾಗಿ ಹೇಳಿದರು. ಮಂದ ಬೆಳಕಿನಲ್ಲಿ ತಡ ಹೆಚ್ಚಾಗುತ್ತದೆ, ಮೇಲೆ ಕಪ್ಪು ಗಾಜು ಬೇರೆ. ಇಷ್ಟು ಕೇಳಿ ಚಿಕ್ಕಪ್ಪ, "ಹಾಗಾದ್ರೆ ಒಳ್ಳೇ ಕಣ್ಣನ್ನೇ ಕೆಡಿಸಿ ಕೊಡ್ತೀರಿ" ಅಂದರು. ಡಾಕ್ಟರ್ "ಹೌದು" ಅಂದರು.

ಆ ಕನ್ನಡಕದಲ್ಲೇ ಕುಯ್ಲು ಮುಗಿಸಿದರು. ನೋಡುವವರಿಗೆ ವಿಚಿತ್ರ, ಒಂದು ಗಾಜು ಬಿಳಿ, ಒಂದು ಗಾಜು ಕಪ್ಪು. ಹಗಲು ಮಾತ್ರ ಜೀಪು ಓಡಿಸಿದರು, ಪಕ್ಕದಲ್ಲಿ ಚಿಕ್ಕಮ್ಮ ಕಾವಲು. ಮರಗಳು ಮರಗಳ ಜಾಗದಲ್ಲೇ ನಿಂತವಂತೆ. ಮಾರ್ಚಿನಲ್ಲಿ, ಕಾಫಿ ಹೂವಿನ ಮಳೆ ಬಿದ್ದ ವಾರ, ಎಡಗಣ್ಣಿನ ಆಪರೇಷನ್ ಆಯಿತು.

ಯುಗಾದಿಗೆ ಹೋದಾಗ ಅದೇ ಜಗಲಿಯಲ್ಲಿ ಕೂತಿದ್ದರು. ಜೋಕಾಲಿ ನೆಟ್ಟಗೆ ತೂಗುತ್ತಿತ್ತು. ನನ್ನನ್ನು ಕಂಡದ್ದೇ ಒಳಗೆ ಹೋಗಿ ಹಳೆಯ ಕನ್ನಡಕ ತಂದು ಹಾಕಿಕೊಂಡರು. ಎರಡೂ ಕಣ್ಣು ಬೆಳಗಿದ ಮೇಲೆ ಆ ಕಪ್ಪು ಗಾಜು ಈಗ ಬಲಗಣ್ಣನ್ನು ತಡ ಮಾಡುತ್ತಿತ್ತು. ಸ್ವಲ್ಪ ಹೊತ್ತು ಮೊಮ್ಮಗಳನ್ನೇ ನೋಡಿ, ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು.

"ಅಪ್ರದಕ್ಷಿಣೆ" ಅಂದರು.